ಉಪ್ಪುನೀರಲ್ಲಿ ನಿಂತ ಗಿಡ ಬಾಡುವುದಿಲ್ಲವೇಕೆ? – ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಬಾರಿ ಶಿವಮೊಗ್ಗ ಜಿಲ್ಲೆಯಿಂದ ಬಂದ ಪತ್ರಗಳಲ್ಲಿ ಕಡಲಪಾಚಿ, ಕಾಂಡ್ಲಾ (ಅಳಿವೆಯ ಉಪ್ಪುನೀರಲ್ಲಿ ಬೆಳೆಯುವ ಮರ), ಉಪ್ಪು ಇವುಗಳ ಪ್ರಶ್ನೆಯೇ ಹೆಚ್ಚು. ಒಂದಕ್ಕೊಂದು ನಂಟಿರುವ ಐದನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಕಡೆಯ ಗಿಡಗಳ ಬುಡಕ್ಕೆ ಎರಡು ಹಿಡಿ ಉಪ್ಪು ಸುರಿದರೆ ಸುಟ್ಟೇ ಹೋಗುತ್ತವೆ. ಕಡಲಲ್ಲೇ ಹುಟ್ಟಿ ಬೆಳೆಯುವ ಪಾಚಿ, ಹುಲ್ಲುಗಳ ಜೀವಕೋಶದೊಳಗೆ ಉಪ್ಪು ಹೋಗುವುದೇ ಇಲ್ಲವೇ? ಹೋದರೆ ಅದನ್ನು ಏನು ಮಾಡುತ್ತವೆ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಸಾಗರ

ಉತ್ತರ: ಹೋಗುತ್ತದೆ. ಉಪ್ಪನ್ನು ಪೂರ್ತಿ ತಡೆದು ನಿಲ್ಲಿಸುವ ಪೊರೆ ಯಾವ ಗಿಡಕ್ಕೂ ಇಲ್ಲ. ಒಳಬಂದ ಸೋಡಿಯಂ ಎಲ್ಲಿ ಉಳಿಯುತ್ತದೆ ಎಂಬುದರ ಮೇಲೆ ಗಿಡದ ಅಳಿವು ಉಳಿವು ನಿಂತಿದೆ.

ಮೊದಲು ಹೊರಗಿನ ಲೆಕ್ಕ ನೋಡಿ. ಒಂದು ಕೆಜಿ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಅದರಲ್ಲಿ ಕ್ಲೋರೈಡ್ 19 ಗ್ರಾಂಗೂ ಮೇಲೆ, ಸೋಡಿಯಂ 10.8 ಗ್ರಾಂ, ಪೊಟ್ಯಾಸಿಯಂ ಬರೀ 0.4 ಗ್ರಾಂ. ಮಿಲಿಮೋಲ್ (ತೂಕದ ಬದಲು ಕಣಗಳ ಎಣಿಕೆ) ಲೆಕ್ಕದಲ್ಲಿ ಸೋಡಿಯಂ 470, ಪೊಟ್ಯಾಸಿಯಂ 10. ಜೀವದ್ರವ್ಯಕ್ಕೆ ಬೇಕಾದದ್ದು ಇದರ ತಿರುಗುಮುರುಗು: ಪೊಟ್ಯಾಸಿಯಂ 100ರ ಆಸುಪಾಸಿನಲ್ಲಿ ಇರಬೇಕು, ಸೋಡಿಯಂ ಅದಕ್ಕಿಂತ ಬಹಳ ಕೆಳಗಿರಬೇಕು. ಪ್ರೋಟೀನ್ ಕಟ್ಟುವ ಕೆಲಸಕ್ಕೆ ಮತ್ತು ಹಲವು ಕಿಣ್ವಗಳಿಗೆ ಪೊಟ್ಯಾಸಿಯಂ ಬೇಕೇ ಬೇಕು. ಸೋಡಿಯಂ ಹೆಚ್ಚಾದರೆ ಆ ಜಾಗದಲ್ಲಿ ಅದು ಬಂದು ಕೂತು ಕೆಲಸ ಕೆಡಿಸುತ್ತದೆ. ಕಡಲ ಗಿಡದ ಕಿಣ್ವಗಳು ಉಪ್ಪಿಗೆ ಒಗ್ಗಿಕೊಂಡಿರಬಹುದು ಎಂದು ನಿಮಗನ್ನಿಸಬಹುದು. ಹಾಗಿಲ್ಲ. ಉಪ್ಪುನೆಲದ ಗಿಡಗಳ ಕಿಣ್ವಗಳನ್ನು ಹೊರತೆಗೆದು ಪ್ರನಾಳದಲ್ಲಿ ಪರೀಕ್ಷಿಸಿದಾಗ, ಬಟಾಣಿ ಹುರುಳಿಕಾಯಿಗಳ ಕಿಣ್ವಗಳಷ್ಟೇ ಅವೂ ಉಪ್ಪಿಗೆ ಸೋತವು. ಅಂದರೆ ಕಾವಲು ಇರುವುದು ಪೊರೆಯಲ್ಲಿ.

ಪೊರೆ ಎಂದರೆ ಕೊಬ್ಬಿನ ಎರಡು ಪದರ. ಅಯಾನುಗಳು, ಅಂದರೆ ಸೋಡಿಯಂ, ಪೊಟ್ಯಾಸಿಯಂನಂಥ ವಿದ್ಯುದಾವೇಶದ ಕಣಗಳು, ಅದನ್ನು ನೇರವಾಗಿ ತೂರಲಾರವು. ಪೊರೆಯಲ್ಲಿ ಹುದುಗಿದ ಪ್ರೋಟೀನುಗಳೇ ಅವುಗಳಿಗೆ ದಾರಿ. ಇವುಗಳಲ್ಲಿ ಚಾನೆಲ್ ಎಂಬುದು ಇಳಿಜಾರಿನ ಕಡೆಗೆ ಅಯಾನನ್ನು ಸುಮ್ಮನೆ ಬಿಡುತ್ತದೆ. ಪಂಪು ಕೋಶದ ಶಕ್ತಿಯ ಅಣುವಾದ ಎಟಿಪಿಯನ್ನು ಖರ್ಚು ಮಾಡಿ ಏರುದಾರಿಗೆ ತಳ್ಳುತ್ತದೆ. ಸಾಗಕ ಪ್ರೋಟೀನು ಒಂದು ಅಯಾನು ಇಳಿಯುವ ಬಲದಿಂದ ಇನ್ನೊಂದನ್ನು ಏರಿಸುತ್ತದೆ.

ಇಳಿಜಾರು ಎಷ್ಟಿದೆ ಎಂದು ಲೆಕ್ಕ ಹಾಕದೆ ಈ ವಿಷಯ ಮನದಟ್ಟಾಗುವುದಿಲ್ಲ. ಜೋಸ್ಟೆರಾ ಎಂಬ ತಣ್ಣೀರು ಕಡಲಿನ ಹುಲ್ಲಿನ ಕೋಶದ ಒಳಭಾಗ ಹೊರಗಿಗಿಂತ ಸುಮಾರು 150 ಮಿಲಿವೋಲ್ಟ್ ಋಣ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಏಕ ಆವೇಶದ ಅಯಾನಿನ ಸಾಂದ್ರತೆಯಲ್ಲಿ ಹತ್ತು ಪಟ್ಟು ವ್ಯತ್ಯಾಸವಿದ್ದರೆ ಅದು 59 ಮಿಲಿವೋಲ್ಟಿಗೆ ಸಮ. ಹೊರಗೆ ಪೊಟ್ಯಾಸಿಯಂ 10, ಒಳಗೆ 100 ಇದ್ದರೆ ಅದನ್ನು ಹಿಡಿದಿಡಲು 59 ಸಾಕು, ಇರುವುದು 150. ಹಾಗಾಗಿ ಪೊಟ್ಯಾಸಿಯಂ ಚಾನೆಲ್ ತೆರೆದರೆ ತಾನಾಗಿ ಒಳಬರುತ್ತದೆ. ಸೋಡಿಯಂ ಕಥೆ ಬೇರೆ. ಹೊರಗೆ 470, ಒಳಗೆ 30 ಎಂದಿಟ್ಟುಕೊಳ್ಳಿ. ಸಾಂದ್ರತೆಯ ವ್ಯತ್ಯಾಸಕ್ಕೆ 70, ವಿದ್ಯುತ್ತಿನದು 150, ಎರಡೂ ಕೂಡಿ 220 ಮಿಲಿವೋಲ್ಟ್ ಬಲ ಅದನ್ನು ಒಳಗೆ ನೂಕುತ್ತಿರುತ್ತದೆ. ಸೋರಿ ಒಳಬಂದ ಒಂದೊಂದು ಸೋಡಿಯಂ ಅಯಾನನ್ನೂ ಅಷ್ಟು ಬಲದ ವಿರುದ್ಧ ಹೊರಹಾಕಬೇಕು, ಹಗಲೂ ರಾತ್ರಿ.

ಯಾರು ಹೊರಹಾಕುವವರು? ನೆಲದ ಗಿಡಗಳಲ್ಲಿ ಎಟಿಪಿ ಸುಟ್ಟು ಪ್ರೋಟಾನನ್ನು (ಹೈಡ್ರೋಜನ್ ಅಯಾನನ್ನು) ಹೊರತಳ್ಳುವ ಪಂಪು ಇದೆ. ಆ ಪ್ರೋಟಾನ್ ಮರಳಿ ಒಳಬರುವಾಗ ಸೋಡಿಯಂ ಹೊರಹೋಗುವಂತೆ ಅದಲುಬದಲು ಮಾಡುವ ಸಾಗಕ ಇನ್ನೊಂದಿದೆ. ಮಲೆನಾಡಿನ ಹುಳಿಮಣ್ಣಿನಲ್ಲಿ, ಪಿಎಚ್ 5.5 ಇದ್ದಲ್ಲಿ, ಈ ಏರ್ಪಾಡು ಸಲೀಸು: ಒಳಗಿನ ಪಿಎಚ್ 7.5, ಎರಡು ಅಂಕದ ವ್ಯತ್ಯಾಸಕ್ಕೆ 118, ಜೊತೆಗೆ ವಿದ್ಯುತ್ತಿನ 150, ಒಂದು ಪ್ರೋಟಾನಿಗೆ 268 ಮಿಲಿವೋಲ್ಟ್ ಬಲ. ಕಡಲ ನೀರಿನ ಪಿಎಚ್ ಮಾತ್ರ 8.1. ಅಲ್ಲಿ ಪಿಎಚ್ ವ್ಯತ್ಯಾಸ ಉಲ್ಟಾ ಆಗಿ 35 ಕಳೆಯುತ್ತದೆ, ಉಳಿಯುವುದು 115. ಒಂದು ಪ್ರೋಟಾನಿಗೆ ಒಂದು ಸೋಡಿಯಂ ಎಂದು ಅದಲುಬದಲು ಮಾಡಿದರೆ 220ರ ಏರು ಹತ್ತಲಾಗದು. ಕನಿಷ್ಠ ಎರಡು ಪ್ರೋಟಾನ್ ಬೇಕು, ಆಗಲೂ 230, ಕೂದಲೆಳೆಯ ಅಂತರ.

ಇದರ ಮುಂದಿನ ಭಾಗ ಈ ಇಡೀ ವಿಷಯದಲ್ಲೇ ಸೊಗಸಾದದ್ದು ಎಂದು ನಮ್ಮ ಅಭಿಪ್ರಾಯ. ನೆಲದ ಗಿಡ ನೈಟ್ರೇಟನ್ನು ಪ್ರೋಟಾನಿನ ಬಲದಿಂದ ಒಳಗೆಳೆಯುತ್ತದೆ. ಜೋಸ್ಟೆರಾ ಅದೇ ಕೆಲಸಕ್ಕೆ ಸೋಡಿಯಂ ಅನ್ನು ಹಿಡಿದಿದೆ. ಹೇಗಿದ್ದರೂ 220 ಮಿಲಿವೋಲ್ಟ್ ಬಲದಿಂದ ಒಳನುಗ್ಗುವ ಅಯಾನು ಅದು. ಅದರ ಜೊತೆಗೇ ನೈಟ್ರೇಟನ್ನು ಒಳತರುತ್ತದೆ. ಹೊರಹಾಕಲು ಪಡಿಪಾಟಲು ಪಡಬೇಕಾದ ಅಯಾನೇ ಅನ್ನ ತರುವ ಅಯಾನೂ ಹೌದು.

ಹೊರಹಾಕಿ ಉಳಿದ ಸೋಡಿಯಂ ರಸದಾನಿಗೆ, ಅಂದರೆ ಕೋಶದೊಳಗಿನ ರಸ ತುಂಬಿದ ಚೀಲಕ್ಕೆ, ಹೋಗುತ್ತದೆ. ಬೆಳೆದ ಸಸ್ಯಕೋಶದ ಗಾತ್ರದಲ್ಲಿ ಬಹುಪಾಲು ರಸದಾನಿಯದೇ. ಅಲ್ಲಿ ಉಪ್ಪು ತುಂಬಿದಷ್ಟೂ ಕಡಲಿನ ಅಭಿಸರಣ ಒತ್ತಡಕ್ಕೆ (ಉಪ್ಪು ನೀರನ್ನು ಸೆಳೆಯುವ ಬಲಕ್ಕೆ) ಸರಿಸಾಟಿಯಾಗಿ ನೀರು ಒಳಗೆ ನಿಲ್ಲುತ್ತದೆ. ಹಾಗೆ ನೋಡಿದರೆ ಉಪ್ಪು ಅಲ್ಲಿ ಉಪಕಾರಿ. ಆದರೆ ಜೀವದ್ರವ್ಯವೂ ಅಷ್ಟೇ ಒತ್ತಡಕ್ಕೆ ಬರಬೇಕಲ್ಲ? ಅದಕ್ಕೆ ಕಿಣ್ವಗಳಿಗೆ ತೊಂದರೆ ಕೊಡದ ವಸ್ತುಗಳನ್ನು ಗಿಡವೇ ತಯಾರಿಸಿಕೊಳ್ಳುತ್ತದೆ: ಕಂದು ಪಾಚಿಗಳಲ್ಲಿ ಮ್ಯಾನಿಟಾಲ್, ಕಾಂಡ್ಲಾ ಜೊತೆಗೇ ಬೆಳೆಯುವ ಉಪ್ಪಟ್ಟಿ ಮರದಲ್ಲಿ ಗ್ಲೈಸೀನ್ ಬೀಟೈನ್, ಉಲ್ವಾ ಎಂಬ ಹಸಿರು ಪಾಚಿಯಲ್ಲಿ ಡಿಎಂಎಸ್‌ಪಿ ಎಂಬ ಗಂಧಕದ ಸಂಯುಕ್ತ. ಕಡಲ ತೀರದಲ್ಲಿ ಮೂಗಿಗೆ ಬಡಿಯುವ ವಾಸನೆಯಲ್ಲಿ ಒಂದು ಪಾಲು ಈ ಕೊನೆಯದು ಒಡೆದು ಬರುವ ಅನಿಲದ್ದು.

ಎಲ್ಲ ಪಾಚಿಗಳೂ ರಸದಾನಿಗೆ ಸೋಡಿಯಂ ತುಂಬುವುದಿಲ್ಲ ಎಂಬುದನ್ನೂ ಗಮನಿಸಿ. ವಲೋನಿಯಾ ಎಂಬ ಹಸಿರು ಪಾಚಿಯ ಒಂದೇ ಜೀವಕೋಶ ಬೆಟ್ಟದ ನೆಲ್ಲಿಕಾಯಿಯಷ್ಟು ದಪ್ಪ ಬೆಳೆಯುತ್ತದೆ. ಚುಚ್ಚಿ ರಸ ಹೀರಿ ಅಳೆಯಬಹುದಾದ್ದರಿಂದ 1920ರ ದಶಕದಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಆಸ್ಟರ್‌ಹೌಟ್ ಇದರ ಮೇಲೆ ಕೆಲಸ ಮಾಡಿದರು. ಕಂಡದ್ದು: ಪೊಟ್ಯಾಸಿಯಂ 500 ಮಿಲಿಮೋಲ್ ಹತ್ತಿರ, ಸೋಡಿಯಂ 100ರ ಆಸುಪಾಸು. ಹೊರಗಿನ ನೀರಿನದಕ್ಕೆ ನೇರ ವಿರುದ್ಧ. ಅದರ ನೆರೆಯಲ್ಲೇ ಬೆಳೆಯುವ ಹ್ಯಾಲಿಸಿಸ್ಟಿಸ್ ಪಾಚಿಯ ರಸದಲ್ಲಿ ಸೋಡಿಯಂ ಹೆಚ್ಚು, ಪೊಟ್ಯಾಸಿಯಂ ಅತ್ಯಲ್ಪ. ಅದೇ ನೀರು, ಬೇರೆ ಪೊರೆ.

ಪ್ರಶ್ನೆ: ಪ್ರಾಣಿಗಳ ಸೋಡಿಯಂ–ಪೊಟ್ಯಾಸಿಯಂ ಪಂಪನ್ನು ಪಾಠ ಮಾಡುವಾಗ ‘ಗಿಡಕ್ಕೂ ಇದೆಯಾ?’ ಎಂದು ಮಕ್ಕಳು ಕೇಳುತ್ತಾರೆ.
– ಪಿಯು ಉಪನ್ಯಾಸಕರು, ಶಿವಮೊಗ್ಗ

ಉತ್ತರ: ಅಡಿಕೆ, ಭತ್ತ, ಮಾವಿನಂಥ ನೆಲದ ಗಿಡಗಳಲ್ಲಿ ಇಲ್ಲ. ಡೆನ್ಮಾರ್ಕಿನ ವಿಜ್ಞಾನಿ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರದಲ್ಲಿ ಕಂಡ, 1997ರಲ್ಲಿ ನೊಬೆಲ್ ತಂದ, ಸೋಡಿಯಂ ಹೊರತಳ್ಳಿ ಪೊಟ್ಯಾಸಿಯಂ ಒಳತರುವ ಆ ಪಂಪಿನ ಜಾಗದಲ್ಲಿ ಇವುಗಳಿಗೆ ಮೇಲೆ ಹೇಳಿದ ಪ್ರೋಟಾನ್ ಪಂಪು ಇದೆ. ಸೋಡಿಯಂ ಅನ್ನೇ ನೇರ ಎಟಿಪಿಯಿಂದ ತಳ್ಳುವ ಬೇರೊಂದು ಬಗೆಯ ಪಂಪು ಫಿಸ್ಕೊಮಿಟ್ರೆಲ್ಲಾ ಎಂಬ ಹಾವಸೆಯಲ್ಲೂ ಕೆಲವು ಕಡಲಪಾಚಿಗಳಲ್ಲೂ ಇದೆ. ಪೊರ್ಫೈರಾ ಎಂಬ ಕೆಂಪು ಪಾಚಿಯಲ್ಲಂತೂ ಪ್ರಾಣಿಗಳದ್ದನ್ನೇ ಹೋಲುವ ಪಂಪು ಸಿಕ್ಕಿದೆ. ಆದ್ದರಿಂದ ‘ಗಿಡಕ್ಕಿಲ್ಲ’ ಎಂದು ಬರೆಸುವುದಕ್ಕಿಂತ ‘ಹೂಬಿಡುವ ಗಿಡಕ್ಕಿಲ್ಲ’ ಎಂದು ಬರೆಸಿ.

ಪ್ರಶ್ನೆ: ನಮ್ಮ ಶಾಲೆಯಿಂದ ಕಡಲು ದೂರ. ಅಯಾನು ಪೊರೆ ದಾಟುವುದನ್ನು ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಮಕ್ಕಳಿಗೆ ತೋರಿಸುವ ದಾರಿ ಉಂಟೇ?
– ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಉಂಟು, ಅದೂ ನಿಮ್ಮ ಗದ್ದೆಯಲ್ಲೇ. ನಾಟಿಯಾಗಿ ನೀರು ತಿಳಿಯಾದ ಮೇಲೆ, ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಗದ್ದೆ, ಹೊಂಡ, ಕೆರೆಯಂಚಿನಲ್ಲಿ ನೈಟೆಲ್ಲಾ ಮತ್ತು ಕಾರಾ ಎಂಬ ಪಾಚಿಗಳನ್ನು ಹುಡುಕಿ. ತೆಳ್ಳನೆ ಕಡ್ಡಿ, ಗೆಣ್ಣು ಗೆಣ್ಣಿಗೆ ಸುತ್ತಲೂ ಎಳೆಗಳು. ಬೆರಳಿಗೆ ಒರಟಾಗಿ ಸಿಕ್ಕು, ಹೊಸಕಿದರೆ ಬೆಳ್ಳುಳ್ಳಿಯಂಥ ಕೆಟ್ಟ ವಾಸನೆ ಬಂದರೆ ಕಾರಾ. ನುಣ್ಣಗೆ ಗಾಜಿನಂತೆ ಪಾರದರ್ಶಕವಾಗಿದ್ದರೆ ನೈಟೆಲ್ಲಾ. ನಿಮಗೆ ಬೇಕಾದದ್ದು ನೈಟೆಲ್ಲಾ, ಏಕೆಂದರೆ ಹೆಚ್ಚಿನ ಕಾರಾಗಳ ಕಡ್ಡಿಯ ಮೇಲೆ ಇನ್ನೊಂದು ಪದರ ಕೋಶಗಳಿದ್ದು ಒಳಗಿನದು ಕಾಣಿಸುವುದಿಲ್ಲ. ಎರಡು ಗೆಣ್ಣಿನ ನಡುವಿನ ಹಲವು ಸೆಂಟಿಮೀಟರ್ ಉದ್ದದ ಕಡ್ಡಿ ಪೂರ್ತಿ ಒಂದೇ ಜೀವಕೋಶ.

ಅದು ಬೆಳೆದಿದ್ದ ನೀರಿನಲ್ಲೇ ತನ್ನಿ. ಎಳೆಯ ಕಡ್ಡಿಯೊಂದನ್ನು ಆರಿಸಿ, ಅದರ ಎರಡೂ ತುದಿಯ ಗೆಣ್ಣನ್ನು ಉಳಿಸಿಕೊಂಡು, ಅಕ್ಕಪಕ್ಕದ ಕೋಶಗಳನ್ನು ಚೂಪು ಕತ್ತರಿಯಿಂದ ಬಿಡಿಸಿ. ಗೆಣ್ಣಿಗೆ ಪೆಟ್ಟಾದರೆ ಕೋಶ ಕೂಡಲೇ ಮೆತ್ತಗಾಗುತ್ತದೆ, ಅದನ್ನು ಬಿಸಾಡಿ. ಬಿಡಿಸಿದ್ದನ್ನು ಒಂದು ರಾತ್ರಿ ಅದೇ ನೀರಿನಲ್ಲಿ ಸುಧಾರಿಸಿಕೊಳ್ಳಲು ಬಿಡಿ. ಮಾರನೆ ದಿನ ಸ್ಲೈಡಿನ ಮೇಲೆ ನೀರಿನಲ್ಲಿ ಇಟ್ಟು, ಕವರ್‌ಸ್ಲಿಪ್ಪಿನ ಎರಡು ಬದಿಗೆ ಹತ್ತಿ ದಾರ ಕೊಟ್ಟು ಮುಚ್ಚಿ. ದಾರವಿಲ್ಲದಿದ್ದರೆ ಗಾಜಿನ ಭಾರಕ್ಕೇ ಕೋಶ ಜಜ್ಜಿಹೋಗುತ್ತದೆ. ನೂರು ಪಟ್ಟು ವರ್ಧನೆಯಲ್ಲಿ ನೋಡಿ. ಹಸಿರು ಕಣಗಳ ಸಾಲು ಗೋಡೆಗೆ ಅಂಟಿ ನಿಂತಿದ್ದು, ಅದರ ಒಳಗೆ ಜೀವದ್ರವ್ಯ ಒಂದು ಬದಿಯಲ್ಲಿ ಮೇಲಕ್ಕೆ, ಇನ್ನೊಂದು ಬದಿಯಲ್ಲಿ ಕೆಳಕ್ಕೆ ಹರಿಯುತ್ತಿರುತ್ತದೆ. ಸೆಕೆಂಡಿಗೆ 50ರಿಂದ 100 ಮೈಕ್ರೋಮೀಟರ್ ವೇಗ. ನೋಟದ ವೃತ್ತ 1.8 ಮಿ.ಮೀ. ಅಗಲವಿದ್ದರೆ ಒಂದು ಕಣ ಅದನ್ನು ದಾಟಲು ಅರ್ಧ ನಿಮಿಷದ ಆಸುಪಾಸು ಹಿಡಿಯುತ್ತದೆ. ಮಕ್ಕಳ ಕೈಯಲ್ಲೇ ಗಡಿಯಾರ ಕೊಟ್ಟು ಅಳೆಸಿ.

ಈಗ ಮೊಂಡು ಸೂಜಿಯಿಂದ ಕೋಶವನ್ನು ಚುಚ್ಚದೆ ಮೆಲ್ಲಗೆ ತಟ್ಟಿ. ಹರಿವು ಗಕ್ಕನೆ ನಿಲ್ಲುತ್ತದೆ, ಕೆಲವು ನಿಮಿಷಗಳಲ್ಲಿ ನಿಧಾನವಾಗಿ ಮತ್ತೆ ಹಿಡಿಯುತ್ತದೆ. ತಟ್ಟಿದಾಗ ಜೀವದ್ರವ್ಯದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಅದು ಹರಿವನ್ನು ನಡೆಸುವ ಮಯೋಸಿನ್ ಎಂಬ ಪ್ರೋಟೀನನ್ನು ತಡೆಹಿಡಿಯುತ್ತದೆ. ಜೊತೆಗೆ ಕ್ಲೋರೈಡ್ ಚಾನೆಲ್ಲುಗಳು ತೆರೆದು ಕ್ಲೋರೈಡ್ ಹೊರಧಾವಿಸುತ್ತದೆ, ಹಿಂದೆಯೇ ಪೊಟ್ಯಾಸಿಯಂ ಹೋಗುತ್ತದೆ. ನಮ್ಮ ನರದಲ್ಲಿ ಇದೇ ಬಗೆಯ ವಿದ್ಯುತ್ ಮಿಡಿತಕ್ಕೆ ಸೋಡಿಯಂ ಒಳನುಗ್ಗುತ್ತದೆ. ಗದ್ದೆ ನೀರಿನಲ್ಲಿ ಸೋಡಿಯಂ ಎಲ್ಲಿದೆ? ಹಾಗಾಗಿ ಈ ಪಾಚಿ ಒಳಗಿನ ಕ್ಲೋರೈಡನ್ನು ಹೊರಬಿಟ್ಟು ಆ ಕೆಲಸ ಮಾಡುತ್ತದೆ.

ಉಪ್ಪಿನ ಪ್ರಯೋಗಕ್ಕೆ ಮೂರು ಗಾಜಿನ ಲೋಟ ಸಾಕು. ಒಂದರಲ್ಲಿ ಅದು ಬೆಳೆದ ನೀರು. ಎರಡನೆಯದರಲ್ಲಿ ಲೀಟರಿಗೆ 6 ಗ್ರಾಂ ಸೋಡಿಯಂ ಕ್ಲೋರೈಡ್, ಅಂದರೆ ಸುಮಾರು 100 ಮಿಲಿಮೋಲ್. ಮೂರನೆಯದರಲ್ಲಿ ಅಷ್ಟೇ ಉಪ್ಪು, ಜೊತೆಗೆ ಲೀಟರಿಗೆ 1.7 ಗ್ರಾಂ ಜಿಪ್ಸಂ, ಅಂದರೆ 10 ಮಿಲಿಮೋಲ್ ಕ್ಯಾಲ್ಸಿಯಂ. ಒಂದೊಂದಕ್ಕೂ ಐದು ಕೋಶ ಹಾಕಿ, 1, 6, 24 ಗಂಟೆಗೊಮ್ಮೆ ಹರಿವು ಇದೆಯೇ ನೋಡಿ. ಬರೀ ಉಪ್ಪಿನವು ಒಂದೆರಡು ದಿನದೊಳಗೆ ಸೋಲುತ್ತವೆ. ಜಿಪ್ಸಂ ಇದ್ದವು ಅದಕ್ಕಿಂತ ಬಹಳ ಹೆಚ್ಚು ಕಾಲ ತಾಳುತ್ತವೆ. ಸೋಡಿಯಂ ನುಗ್ಗುವ ಚಾನೆಲ್ಲುಗಳನ್ನು ಹೊರಗಿನ ಕ್ಯಾಲ್ಸಿಯಂ ಅಡ್ಡಗಟ್ಟುತ್ತದೆ, ಒಳಗಿನ ಪೊಟ್ಯಾಸಿಯಂ ಸೋರದಂತೆ ಪೊರೆಯನ್ನು ಬಿಗಿಹಿಡಿಯುತ್ತದೆ. ಕಡಲ ನೀರಿನಲ್ಲಿ ಹೇಗೂ 10 ಮಿಲಿಮೋಲ್ ಕ್ಯಾಲ್ಸಿಯಂ ಇದ್ದೇ ಇದೆ.

ಕೆಡುವುದು ಎಲ್ಲಿ? ಅಂಗಡಿಯ ಕಲ್ಲುಪ್ಪು ಬಳಸಿದರೆ ಅದರಲ್ಲೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಎರಡನೆಯ ಲೋಟಕ್ಕೂ ಮೂರನೆಯದಕ್ಕೂ ವ್ಯತ್ಯಾಸ ಕಾಣದು. ಪ್ರಯೋಗಾಲಯದ ಸೋಡಿಯಂ ಕ್ಲೋರೈಡನ್ನೇ ತನ್ನಿ. ಬೋರ್‌ವೆಲ್ ನೀರಿನದೂ ಅದೇ ತೊಡಕು. ಬಟ್ಟಿ ಇಳಿಸಿದ ನೀರು, ಇಲ್ಲವೇ ಸೂರಿಗೆ ತಾಗದೆ ನೇರ ಪಾತ್ರೆಗೆ ಹಿಡಿದ ಮಳೆನೀರು ಆಗುತ್ತದೆ. ಜಿಪ್ಸಂ ಬೇಗ ಕರಗದು. ಹಿಂದಿನ ರಾತ್ರಿಯೇ ನೀರಿಗೆ ಹಾಕಿ ಆಗಾಗ ಕಲಕಿ, ಬೆಳಿಗ್ಗೆ ಮೇಲಿನ ತಿಳಿ ಬಳಸಿ. ಲೋಟಗಳನ್ನು ಬಿಸಿಲಿಗಿಡಬೇಡಿ, ಮೂರೂ ಅಲ್ಲೇ ಸಾಯುತ್ತವೆ.

ಪ್ರಶ್ನೆ: ಅಡಿಕೆ ತೋಟಕ್ಕೆ ಕಡಲಪಾಚಿಯ ದ್ರವಗೊಬ್ಬರ ಸಿಂಪಡಿಸಿ ಎನ್ನುತ್ತಾರೆ. ಘಟ್ಟದ ಕೆಳಗಿನ ನೆಂಟರು ಹಸಿ ಪಾಚಿಯನ್ನೇ ಚೀಲದಲ್ಲಿ ಕಳಿಸುತ್ತೇವೆ ಎಂದಿದ್ದಾರೆ. ಉಪ್ಪಿನಿಂದ ಮರಕ್ಕೆ ತೊಂದರೆ ಆಗದೇ? ಹಾಗಾದರೆ ತೆಂಗಿನ ಬುಡಕ್ಕೆ ಹಿರಿಯರು ಉಪ್ಪು ಹಾಕುತ್ತಿದ್ದುದು ಏಕೆ?
– ಅಡಿಕೆ ಬೆಳೆಗಾರರು, ಹೊಸನಗರ

ಉತ್ತರ: ದ್ರವಗೊಬ್ಬರದ ಚಿಂತೆ ಬೇಡ. ಅದರಲ್ಲಿ ಕಡಲ ನೀರಿನಷ್ಟೇ, ಲೀಟರಿಗೆ 35 ಗ್ರಾಂ ಉಪ್ಪಿದೆ ಎಂದೇ ಹಿಡಿಯಿರಿ. ಲೀಟರ್ ನೀರಿಗೆ 2 ಮಿ.ಲೀ. ಬೆರೆಸಿದರೆ ಉಳಿಯುವುದು 70 ಮಿಲಿಗ್ರಾಂ. ಎಲೆಗೆ ಅದು ಲೆಕ್ಕಕ್ಕಿಲ್ಲ. ಡಬ್ಬಿಯ ಮೇಲಿನ ಪ್ರಮಾಣ ಮೀರಬೇಡಿ, ಅಷ್ಟೇ.

ಹಸಿ ಪಾಚಿಯ ವಿಷಯದಲ್ಲಿ ಎಚ್ಚರ ಬೇಕು. ಅದಕ್ಕೆ ಅಂಟಿಕೊಂಡ ಎರಡು ಲೀಟರ್ ಕಡಲ ನೀರು ಎಂದರೆ 70 ಗ್ರಾಂ ಉಪ್ಪು. ಸಿಹಿನೀರಿನಲ್ಲಿ ಎರಡು ಸಲ ಜಾಲಿಸಿ ತೆಗೆಯಿರಿ. ರಾತ್ರಿಯಿಡೀ ನೆನೆಹಾಕಬೇಡಿ: ಕೋಶಗಳು ನೀರು ಕುಡಿದು ಒಡೆದು, ನಿಮಗೆ ಬೇಕಾದ ಪೊಟ್ಯಾಸಿಯಂ ತೊಳೆದ ನೀರಿನ ಪಾಲಾಗುತ್ತದೆ. ಆಮೇಲೆ ಸೊಪ್ಪು ಸಗಣಿಯ ಜೊತೆ ಕೊಳೆಸಿ. ಹದವಾದ ಗೊಬ್ಬರ ಒಂದು ಪಾಲು, ಬಟ್ಟಿ ಇಳಿಸಿದ ನೀರು ಐದು ಪಾಲು ಕಲಸಿ ವಿದ್ಯುತ್ ವಾಹಕತೆ (ಉಪ್ಪು ಎಷ್ಟಿದೆ ಎಂಬುದರ ಅಳತೆ) ಅಳೆಸಿದರೆ ಮೀಟರಿಗೆ 4 ಡೆಸಿಸೀಮೆನ್ಸ್ ಮೀರಬಾರದು. ಕಾಂಪೋಸ್ಟಿಗೆ ರಸಗೊಬ್ಬರ ನಿಯಂತ್ರಣ ಆದೇಶದ ಮಿತಿಯೂ ಅದೇ. ಪಾಚಿಗೊಬ್ಬರ ಹಾಕಿದೆವೆಂದು ಪೊಟ್ಯಾಷ್ ಬಿಡಬೇಡಿ. ಫಲ ಕೊಡುವ ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಶಿಫಾರಸು. ಆ 140 ಗ್ರಾಂಗೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಸುಮಾರು 235 ಗ್ರಾಂ ಬೇಕು. ನಮ್ಮ ಮಳೆಗೆ ಪೊಟ್ಯಾಸಿಯಂ ಬೇಗ ಕೊಚ್ಚಿಹೋಗುವುದರಿಂದ ಎರಡು ಕಂತಿನಲ್ಲಿ ಕೊಡಿ.

ತೆಂಗಿನ ಬುಡದ ಉಪ್ಪಿನಲ್ಲಿ ಹಿರಿಯರು ಕಂಡುಕೊಂಡದ್ದು ಸುಳ್ಳಲ್ಲ. ಕೆಲಸ ಮಾಡುವುದು ಅದರಲ್ಲಿನ ಕ್ಲೋರೈಡ್. ಎಲೆಯ ಪತ್ರರಂಧ್ರ ತೆರೆಯಲು ಕಾವಲು ಕೋಶಗಳಿಗೆ ಪೊಟ್ಯಾಸಿಯಂ ನುಗ್ಗಬೇಕು, ಅದರ ಧನ ಆವೇಶಕ್ಕೆ ಜೋಡಿಯಾಗಿ ಋಣ ಅಯಾನು ಬೇಕು. ಬಹಳ ಗಿಡಗಳು ಪಿಷ್ಟದಿಂದ ಮ್ಯಾಲಿಕ್ ಆಮ್ಲ ತಯಾರಿಸಿ ಆ ಜೋಡಿ ಒದಗಿಸುತ್ತವೆ. ತೆಂಗು ಅದಕ್ಕೆ ಕ್ಲೋರೈಡನ್ನೇ ನೆಚ್ಚಿದೆ. ಆದರೆ ಪೊಟ್ಯಾಷ್ ಕೊಡುವವರಿಗೆ ಉಪ್ಪು ಬೇಡ. ತೆಂಗಿಗೆ ಹೇಳುವ 1,200 ಗ್ರಾಂ ಪೊಟ್ಯಾಷಿಗಾಗಿ 2 ಕೆಜಿ ಮ್ಯೂರಿಯೇಟ್ ಹಾಕಿದರೆ ಅದರಲ್ಲೇ 900 ಗ್ರಾಂಗೂ ಹೆಚ್ಚು ಕ್ಲೋರೈಡ್ ಬಂತು. ತೆಂಗಿಗೆ ಆಗುತ್ತದೆಂದು ಅಡಿಕೆ ಬುಡಕ್ಕೆ ಉಪ್ಪು ಹಾಕುವುದಂತೂ ಖಂಡಿತ ಬೇಡ.

ಪ್ರಶ್ನೆ: ಹೊನ್ನಾವರದ ಕಡೆ ಉಪ್ಪಟ್ಟಿ ಎಲೆ ನೆಕ್ಕಿದರೆ ಉಪ್ಪು ಹತ್ತಿತು, ಪಕ್ಕದ ಕಾಂಡ್ಲಾ ಎಲೆ ಸಪ್ಪೆ. ಏಕೆ? ಇನ್ನೊಂದು: ಮುರ್ಡೇಶ್ವರದಿಂದ ತಂದ ಹಸಿರು ಪಾಚಿ ನಲ್ಲಿ ನೀರಿನ ಬಾಟಲಿಯಲ್ಲಿ ಮಾರನೆ ದಿನಕ್ಕೇ ಲೋಳೆಯಾಯಿತು.
– ಪ್ರಕೃತಿ ಸಂಘದ ವಿದ್ಯಾರ್ಥಿಗಳು, ಸಾಗರ

ಉತ್ತರ: ಕಾಂಡ್ಲಾ ಬೇರಿನಲ್ಲೇ ಸೋಸುತ್ತದೆ. ಬೇರಿನ ಒಳಪದರದ ಮೇಣದಂಥ ಪಟ್ಟಿಗಳು ನೀರು ಕೋಶಗಳ ಸಂದಿಯಿಂದ ನುಸುಳದಂತೆ ತಡೆದು, ಪೊರೆಯ ಮೂಲಕವೇ ಹೋಗುವಂತೆ ಮಾಡುತ್ತವೆ. ಒಳನಾಳಕ್ಕೆ ಬರುವ ರಸದಲ್ಲಿ ಕಡಲಿನ ಉಪ್ಪಿನ ನೂರರಲ್ಲೊಂದು ಪಾಲು ಮಾತ್ರ ಉಳಿಯುತ್ತದೆ. ಕಡಲ ನೀರಿನ ಅಭಿಸರಣ ಒತ್ತಡ ಸುಮಾರು 25 ವಾತಾವರಣ, ಅಂದರೆ ನಮ್ಮ ಸುತ್ತಲ ಗಾಳಿಯ ಒತ್ತಡದ 25 ಪಟ್ಟು. ಅದನ್ನು ಮೀರಿ ಎಲೆಗಳು ಎಳೆಯಬೇಕು. 1965ರಲ್ಲಿ ಶೋಲಾಂಡರ್ ಎಂಬ ವಿಜ್ಞಾನಿ ಮತ್ತವರ ಸಂಗಡಿಗರು ಕೊಂಬೆಗಳನ್ನು ಒತ್ತಡದ ಪಾತ್ರೆಯಲ್ಲಿಟ್ಟು ಅಳೆದಾಗ ಸೆಳೆತ 30ರಿಂದ 60 ವಾತಾವರಣದಷ್ಟಿತ್ತು. ಉಪ್ಪಟ್ಟಿಯ ಬೇರು ಅಷ್ಟು ಬಿಗಿಯಲ್ಲ, ಹತ್ತರಲ್ಲೊಂದು ಪಾಲು ಮೇಲೇರುತ್ತದೆ. ಅದನ್ನು ಎಲೆಯಲ್ಲಿನ ಉಪ್ಪಿನ ಗ್ರಂಥಿಗಳು ಪಂಪು ಮಾಡಿ ಹೊರಹಾಕುತ್ತವೆ. ನೋಡಬೇಕೆಂದರೆ ಮಳೆಗಾಲ ಬಿಟ್ಟು, ಬಿಸಿಲೇರಿದ ಮೇಲೆ ಹೋಗಿ. ಬೆಳಗಿನ ಇಬ್ಬನಿಗೆ ಹರಳು ಕರಗಿರುತ್ತದೆ. ಎಲೆಯನ್ನು ಮರದಲ್ಲೇ ಒದ್ದೆ ಬಟ್ಟೆಯಿಂದ ಒರೆಸಿ, ಮಾರನೆ ದಿನ 5 ಮಿ.ಲೀ. ಬಟ್ಟಿ ಇಳಿಸಿದ ನೀರಿನಿಂದ ತೊಳೆದು ಹಿಡಿಯಿರಿ. ಎರಡು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟರೆ ಬೆಳ್ಳಗೆ ಒಡೆಯುತ್ತದೆ, ಅದು ಕ್ಲೋರೈಡ್. ಕೈಗೆ ತಾಗಿದರೆ ಕಪ್ಪು ಕಲೆ ದಿನಗಟ್ಟಲೆ ಹೋಗದು, ಗ್ಲೌಸ್ ಹಾಕಿಕೊಳ್ಳಿ. ಕೊಂಬೆ ಮುರಿಯಬೇಡಿ. ಅದೇ ಪರೀಕ್ಷೆಯನ್ನು ಕುಮಟಾದ ಅಘನಾಶಿನಿ ಅಳಿವೆಯಲ್ಲೂ ಮಾಡಿ ನೋಡಿ. ಲಿಂಗನಮಕ್ಕಿಯಿಂದ ವಿದ್ಯುತ್ತಿಗಾಗಿ ಬಿಡುವ ನೀರು ಬೇಸಗೆಯಲ್ಲೂ ಹರಿದು ಬರುವುದರಿಂದ ಹೊನ್ನಾವರದ ಶರಾವತಿ ಅಳಿವೆ ಸಪ್ಪೆ. ಅಣೆಕಟ್ಟಿಲ್ಲದ ಅಘನಾಶಿನಿಯದು ಬೇಸಗೆಯಲ್ಲಿ ಹೆಚ್ಚು ಉಪ್ಪು.

ನಿಮ್ಮ ಪಾಚಿ ಸತ್ತದ್ದು ಸಿಹಿನೀರಿನಿಂದ. ಒಳಗೆ ಕಡಲಿನಷ್ಟು ಲವಣ, ಹೊರಗೆ ಏನೂ ಇಲ್ಲ. ನೀರು ನುಗ್ಗಿ ಪೊರೆ ಹಿಗ್ಗಿ, ಪೊಟ್ಯಾಸಿಯಂ ಸೋರಿ ಕೋಶ ಸತ್ತಿತು. ಕಡಲ ನೀರೇ ತುಂಬಿದ ಮುಚ್ಚಿದ ಬಾಟಲಿಯೂ ಒಳ್ಳೆಯದಲ್ಲ, ಕತ್ತಲಲ್ಲಿ ಆಮ್ಲಜನಕ ಮುಗಿದುಹೋಗುತ್ತದೆ. ಕಡಲ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ತಂಪಾಗಿ ತನ್ನಿ. ಮನೆಗೆ ಬಂದ ಮೇಲೆ ಹಾಕಲು ಕೃತಕ ಕಡಲ ನೀರು, ಒಂದು ಲೀಟರಿಗೆ: ಸೋಡಿಯಂ ಕ್ಲೋರೈಡ್ 23.5 ಗ್ರಾಂ, ನಿರ್ಜಲ ಸೋಡಿಯಂ ಸಲ್ಫೇಟ್ 3.9, ಪೊಟ್ಯಾಸಿಯಂ ಕ್ಲೋರೈಡ್ 0.66, ಅಡುಗೆ ಸೋಡಾ 0.19. ಇವನ್ನು 800 ಮಿ.ಲೀ. ನೀರಿನಲ್ಲಿ ಕರಗಿಸಿ. ಹರಳು ರೂಪದ ಮೆಗ್ನೀಸಿಯಂ ಕ್ಲೋರೈಡ್ 10.6 ಮತ್ತು ಹರಳು ಕ್ಯಾಲ್ಸಿಯಂ ಕ್ಲೋರೈಡ್ (ಡೈಹೈಡ್ರೇಟ್) 1.5 ಗ್ರಾಂಗಳನ್ನು ಬೇರೆ ಪಾತ್ರೆಯಲ್ಲಿ 150 ಮಿ.ಲೀ. ನೀರಿನಲ್ಲಿ ಕರಗಿಸಿ, ಕಲಕುತ್ತಾ ನಿಧಾನವಾಗಿ ಸೇರಿಸಿ, ಲೀಟರ್ ತುಂಬಿಸಿ. ಎಲ್ಲ ಪುಡಿಯನ್ನೂ ಒಟ್ಟಿಗೆ ಸುರಿದರೆ ಕ್ಯಾಲ್ಸಿಯಂ ಬೆಳ್ಳಗೆ ಒಡೆದು ತಳಕ್ಕೆ ಕೂರುತ್ತದೆ, ಪಾಚಿಗೆ ದಕ್ಕುವುದಿಲ್ಲ. ಮೀನಿನ ತೊಟ್ಟಿಯ ಗಾಳಿ ಪಂಪನ್ನು ಒಂದು ರಾತ್ರಿ ಹಚ್ಚಿಟ್ಟು, ಪಿಎಚ್ 8ರಿಂದ 8.3ರ ನಡುವೆ ಬಂದ ಮೇಲೆ ಪಾಚಿ ಬಿಡಿ.